ಭಾನುವಾರ ಮಾತ್ರ ಸಿಒ (ಕಾರ್ಬನ್ ಮಾನಾಕ್ಸೈಡ್ ವಿಷಾನಿಲ) ಏರುತ್ತೆ, ಟೆಕ್ನಿಷಿಯನ್ ಬಂದಾಗ ಎಲ್ಲ ಸರಿ ಇರುತ್ತೆ: ಫರ್ನೇಸ್ ರೂಮ್ ಬಗ್ಗೆ ಸಹಾಯ ಬೇಕು

ಮಿಶಿಗನ್ ಮನೆ:

ನಮಸ್ಕಾರ. ಡೆಟ್ರಾಯಿಟ್ ಹತ್ತಿರ ಇದ್ದೇವೆ. ಮನೆ 1996ರದ್ದು. ಬೇಸ್‌ಮೆಂಟಿನಲ್ಲಿ ಮನೆ ಬಿಸಿ ಮಾಡುವ, ಗಂಟೆಗೆ 80,000 ಬಿಟಿಯು (ಬಿಟಿಯು ಅಂದರೆ ಶಾಖದ ಅಳತೆ) ಗ್ಯಾಸ್ ಫರ್ನೇಸ್, ಪಕ್ಕದಲ್ಲೇ 40,000 ಬಿಟಿಯು ವಾಟರ್ ಹೀಟರ್. ಎರಡರ ಹೊಗೆಯೂ ಒಂದೇ ಲೋಹದ ವೆಂಟ್ ಪೈಪಿನಲ್ಲಿ ಸೂರಿನ ಮೇಲಕ್ಕೆ ಹೋಗುತ್ತೆ.

ಕಳೆದ ಎರಡು ಭಾನುವಾರ ಮಧ್ಯಾಹ್ನ ನನಗೂ ಅತ್ತೆಗೂ ತಲೆನೋವು ಬಂತು. ಮೊದಲನೇ ಸಲ ನೆಗಡಿ ಅಂದುಕೊಂಡೆವು. ಎರಡನೇ ಸಲ ಸಿಒ ಅಲಾರಂ ನೋಡಿದೆ. ಅದು ಕೂಗಿರಲಿಲ್ಲ. ಆದರೆ ಪೀಕ್ ಬಟನ್ (ದಾಖಲಾದ ಅತಿ ಹೆಚ್ಚಿನ ಮಟ್ಟ ತೋರಿಸುವ ಗುಂಡಿ) ಒತ್ತಿದಾಗ 62 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 62 ಪಾಲು) ತೋರಿಸಿತು. ಕಿಟಕಿ ತೆರೆದು ಟೆಕ್ನಿಷಿಯನ್ ಕರೆಸಿದೆ. ಅವರು ಮುಕ್ಕಾಲು ಗಂಟೆ ಪರೀಕ್ಷೆ ಮಾಡಿ, ಜ್ವಾಲೆ ನೀಲಿ ಇದೆ, ಬೆಂಕಿಯ ಶಾಖವನ್ನು ಮನೆಯ ಗಾಳಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಸರಿ ಇದೆ, ಅಲಾರಂ ಹಳೆಯದಾಗಿರಬೇಕು ಅಂದರು. ಹೊಸ ಅಲಾರಂ ಹಾಕಿದೆ. ನಿನ್ನೆ ಭಾನುವಾರ ಅದೂ 48 ತೋರಿಸಿತು.

ವಾರದ ದಿನಗಳಲ್ಲಿ ಏನೂ ಇಲ್ಲ. ಫರ್ನೇಸನ್ನೇ ಬದಲಾಯಿಸಬೇಕಾ? ಮಕ್ಕಳಿರುವ ಮನೆ, ತುಂಬಾ ಹೆದರಿಕೆಯಾಗಿದೆ.

ಒಹಾಯೋ ಹಳೇ ಕೈ:

ಮೇಡಂ, ಫರ್ನೇಸ್ ಮಾತು ಆಮೇಲೆ. ಈಗ ಯಾರಿಗಾದರೂ ತಲೆನೋವು, ವಾಕರಿಕೆ ಇದ್ದರೆ ಎಲ್ಲರೂ ಮನೆಯಿಂದ ಹೊರಗೆ ಬಂದು 911ಗೆ ಕರೆ ಮಾಡಿ. ಯಾರಿಗೂ ಏನೂ ಇಲ್ಲ ಅಂದರೂ ಗ್ಯಾಸ್ ಕಂಪನಿಯ ತುರ್ತು ನಂಬರಿಗೆ ಇವತ್ತೇ ಹೇಳಿ. ಅವರು ಬಂದು ಅಳೆಯುವ ತನಕ ವಾಟರ್ ಹೀಟರ್ ಆಫ್ ಮಾಡಿಡಿ.

ಅಲಾರಂ ಕೂಗಲಿಲ್ಲ, ಹಾಗಾಗಿ ಪರವಾಗಿಲ್ಲ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಇಲ್ಲಿನ ಅಲಾರಂಗಳು 70 ಪಿಪಿಎಂ ಇದ್ದರೆ ಒಂದರಿಂದ ನಾಲ್ಕು ಗಂಟೆಯೊಳಗೆ ಕೂಗುವ ಹಾಗೆ ಮಾಡಿರುತ್ತಾರೆ. 150 ಇದ್ದರೆ 10ರಿಂದ 50 ನಿಮಿಷ. 400 ಇದ್ದರೆ 4ರಿಂದ 15 ನಿಮಿಷ. ನಿಮ್ಮ 62ಕ್ಕೆ ಅದು ಸುಮ್ನೆ ಇದ್ದದ್ದು ಕೆಟ್ಟಿದ್ದಕ್ಕಲ್ಲ. ಎರಡು ಅಲಾರಂ ಒಂದೇ ಮಾತು ಹೇಳಿವೆ. ಅದನ್ನು ನಂಬಿ.

ಈಗ ಕೆಲವು ಪ್ರಶ್ನೆ. ಭಾನುವಾರ ಮನೆಯಲ್ಲಿ ಬೇರೆ ದಿನ ಇಲ್ಲದ್ದು ಏನು ನಡೆಯುತ್ತೆ? ಇತ್ತೀಚೆಗೆ ಬೇಸ್‌ಮೆಂಟಿನಲ್ಲಿ, ಅಡುಗೆಮನೆಯಲ್ಲಿ ಏನಾದರೂ ಕೆಲಸ ಮಾಡಿಸಿದ್ದೀರಾ? ಟೆಕ್ನಿಷಿಯನ್ ಪರೀಕ್ಷೆ ಮಾಡುವಾಗ ಫರ್ನೇಸ್ ರೂಮಿನ ಬಾಗಿಲು ತೆರೆದಿತ್ತಾ, ಮುಚ್ಚಿತ್ತಾ? ಮೂರನೆಯದೇ ನನಗೆ ಮುಖ್ಯ.

ಮಿಶಿಗನ್ ಮನೆ:

ಗ್ಯಾಸ್ ಕಂಪನಿಯವರು ಬಂದು ಹೋದರು. ವಾಟರ್ ಹೀಟರಿಗೆ ಕೆಂಪು ಚೀಟಿ ಕಟ್ಟಿ, ಸರಿ ಮಾಡಿಸುವ ತನಕ ಹಚ್ಚಬಾರದು ಅಂದರು. ಫರ್ನೇಸ್ ಓಡಿಸಬಹುದು, ಆದರೆ ಆ ಕೋಣೆಯ ಬಾಗಿಲು ತೆರೆದೇ ಇರಬೇಕಂತೆ. ಬಾಗಿಲನ್ನು ಕೀಲಿನಿಂದಲೇ ಕಳಚಿ ಇಟ್ಟಿದ್ದೇವೆ.

ಅಕ್ಟೋಬರಿನಲ್ಲಿ ಬೇಸ್‌ಮೆಂಟ್ ಫಿನಿಶ್ ಮಾಡಿಸಿದೆವು. ಮೊದಲು ಫರ್ನೇಸ್ ತೆರೆದ ಜಾಗದಲ್ಲಿತ್ತು. ಈಗ ಅದಕ್ಕೆ 8 ಅಡಿಗೆ 9 ಅಡಿ ಕೋಣೆ ಕಟ್ಟಿದ್ದಾರೆ, ಎತ್ತರ 8 ಅಡಿ. ಪಕ್ಕದಲ್ಲೇ ಸಿನಿಮಾ ನೋಡುವ ಕೋಣೆ. ಸದ್ದು ಬರಬಾರದು ಅಂತ ಗಟ್ಟಿ ಬಾಗಿಲು, ಸುತ್ತ ರಬ್ಬರ್ ಪಟ್ಟಿ. ಅದೇ ಸಮಯಕ್ಕೆ ಅಡುಗೆಮನೆಗೆ 600 ಸಿಎಫ್‌ಎಂ (ನಿಮಿಷಕ್ಕೆ 600 ಘನ ಅಡಿ) ಗಾಳಿ ಹೊರಹಾಕುವ ಹುಡ್ ಹಾಕಿಸಿದೆವು. ಒಗ್ಗರಣೆ ಘಾಟು ಮೇಲಿನ ಕೋಣೆಗಳಿಗೆ ಹೋಗುತ್ತಿತ್ತು. ಭಾನುವಾರ ವಾರದ ಅಡುಗೆ, ಹುಡ್ ಮೂರು ಗಂಟೆ ಜೋರಾಗಿ ಓಡುತ್ತೆ. ಬಟ್ಟೆ ಡ್ರೈಯರೂ ಅವತ್ತೇ. ಎಲ್ಲರ ಸ್ನಾನವೂ ಒಂದರ ಹಿಂದೆ ಒಂದು.

ಟೆಕ್ನಿಷಿಯನ್ ಬಂದಾಗ ಬಾಗಿಲು ತೆರೆದೇ ಇತ್ತು. ಅವರ ಡಬ್ಬಿ, ದೀಪ ಎಲ್ಲ ಬಾಗಿಲಲ್ಲೇ ಇತ್ತಲ್ಲ.

ಇನ್ನೊಂದು. ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ಫರ್ನೇಸ್ ಓಡುವಾಗ ಆ ಬಾಗಿಲು ತೆರೆಯೋದು ಕಷ್ಟ, ಒಳಗಿಂದ ಯಾರೋ ಎಳೆದು ಹಿಡಿದ ಹಾಗೆ. ಹೊಸ ಪೇಂಟ್ ಅಂಟುತ್ತಿದೆ ಅಂದುಕೊಂಡಿದ್ದೆ.

ಒಹಾಯೋ ಹಳೇ ಕೈ:

ಸಂಬಂಧ ಇದೆ ಮೇಡಂ. ನಿಮ್ಮ ಪತ್ರದಲ್ಲಿ ಅದೇ ದೊಡ್ಡ ಸುಳಿವು.

ಮೊದಲು ಲೆಕ್ಕ ನೋಡೋಣ. ಒಂದು ಘನ ಅಡಿ ನ್ಯಾಚುರಲ್ ಗ್ಯಾಸ್ ಅಂದರೆ ಹೆಚ್ಚುಕಡಿಮೆ 1,000 ಬಿಟಿಯು. ಅದು ಪೂರ್ತಿ ಉರಿಯಲು ಸುಮಾರು 10 ಘನ ಅಡಿ ಗಾಳಿ ಬೇಕು. ನಿಮ್ಮ ಎರಡೂ ಒಲೆ ಸೇರಿ 1,20,000 ಬಿಟಿಯು. ಒಟ್ಟಿಗೆ ಉರಿದರೆ ಗಂಟೆಗೆ 1,200 ಘನ ಅಡಿ ಗಾಳಿ. ನಿಮ್ಮ ಕೋಣೆಯಲ್ಲಿರೋದು 576. ಅರ್ಧ ಗಂಟೆಯೊಳಗೆ ಅಷ್ಟೂ ಮುಗಿಯುತ್ತೆ. ಅದಕ್ಕೇ ಅಮೆರಿಕದ ಗ್ಯಾಸ್ ಕೋಡ್ ಪ್ರತಿ 1,000 ಬಿಟಿಯುಗೆ 50 ಘನ ಅಡಿ ಜಾಗ ಕೇಳುತ್ತೆ. ನಿಮಗೆ 6,000 ಬೇಕು, ಅದರ ಹತ್ತನೇ ಒಂದು ಭಾಗವೂ ಇಲ್ಲ. ಮೊದಲು ಇಡೀ ಬೇಸ್‌ಮೆಂಟ್ ಈ ಬೆಂಕಿಗೆ ಗಾಳಿ ಕೊಡುತ್ತಿತ್ತು. ಗೋಡೆ ಕಟ್ಟಿದವರು ಅದನ್ನು ಮರೆತರು.

ಈಗ ಬಾಗಿಲಿನ ವಿಷಯ. ಬರ್ನರ್ ಎಳೆಯುವ ಗಾಳಿಗೆ ಬಾಗಿಲು ಅಷ್ಟು ಬಿಗಿಯಾಗಲ್ಲ. ಅಷ್ಟು ಜೋರಾಗಿ ಎಳೆಯೋದು ಬ್ಲೋವರ್. ಮನೆಯ ಗಾಳಿ ತಿರುಗಿಸುವ ಆ ಫ್ಯಾನ್ ನಿಮಿಷಕ್ಕೆ 1,000 ಘನ ಅಡಿಗಿಂತ ಜಾಸ್ತಿ ಎಳೆಯುತ್ತೆ. ಆ ಗಾಳಿ ಮೇಲಿನ ಕೋಣೆಗಳಿಂದ ರಿಟರ್ನ್ ಡಕ್ಟ್ ಮೂಲಕ ಬರಬೇಕು. ಫರ್ನೇಸ್ ರೂಮಿನಿಂದ ಒಂದು ಹನಿಯೂ ಬರಬಾರದು. ರಿಟರ್ನ್ ಡಕ್ಟ್ ಆ ಕೋಣೆಯೊಳಗೇ ಸೋರುತ್ತಿದ್ದರೆ ಬ್ಲೋವರ್ ಕೋಣೆಯ ಗಾಳಿಯನ್ನೇ ಹೀರುತ್ತೆ. ಫಿಲ್ಟರ್ ತೂರಿಸುವ ಸೀಳಿಗೆ ಮುಚ್ಚಳ ಇದೆಯಾ ನೋಡಿ.

ವಾಟರ್ ಹೀಟರಿನ ತಲೆಯ ಮೇಲೆ ಸಣ್ಣ ಟೋಪಿಯಂಥ ಭಾಗ ಇದೆ, ಸುತ್ತ ಸಂದು. ಅದು ಡ್ರಾಫ್ಟ್ ಹುಡ್. ಹೊಗೆಯನ್ನು ತಳ್ಳಲು ಅಲ್ಲಿ ಫ್ಯಾನ್ ಇಲ್ಲ. ಬಿಸಿ ಹೊಗೆ ಹಗುರ ಅನ್ನೋ ಒಂದೇ ಕಾರಣಕ್ಕೆ ಮೇಲೇರುತ್ತೆ. ತುಂಬಾ ಮೆದು ಎಳೆತ. ಕೋಣೆಯಲ್ಲಿ ಒತ್ತಡ ಸ್ವಲ್ಪ ಕಡಿಮೆಯಾದರೆ ಸಾಕು, ಹೊರಗಿನ ತಣ್ಣನೆ ಗಾಳಿ ಅದೇ ಪೈಪಿನಲ್ಲಿ ಕೆಳಗಿಳಿಯುತ್ತೆ. ಹೊಗೆ ಆ ಸಂದಿನಿಂದ ಕೋಣೆಗೆ ಬರುತ್ತೆ. ಪೈಪ್ ಒಂದೇ ಆದ್ದರಿಂದ ಫರ್ನೇಸಿನ ಹೊಗೆಯೂ ಅದೇ ದಾರಿಯಲ್ಲಿ ಹೊರಬೀಳಬಹುದು. ಶುರುವಿನಲ್ಲಿ ಆ ಹೊಗೆಯಲ್ಲಿ ಸಿಒ ಕಡಿಮೆಯೇ ಇರುತ್ತೆ. ಆದರೆ ಬರ್ನರ್ ಅದನ್ನೇ ಮತ್ತೆ ಒಳಗೆ ಎಳೆದುಕೊಳ್ಳುತ್ತೆ. ಆಮ್ಲಜನಕ ಕಡಿಮೆಯಾಗುತ್ತೆ, ಉರಿ ಅರೆಬರೆ ಆಗುತ್ತೆ, ಸಿಒ ಏರುತ್ತಾ ಹೋಗುತ್ತೆ. ಬ್ಲೋವರ್ ಅದನ್ನು ಹೀರಿ ಮಲಗುವ ಕೋಣೆಗಳಿಗೆ ಹಂಚುತ್ತೆ.

ಇದಕ್ಕೆ ಅಡುಗೆಮನೆ ಹುಡ್ ಸೇರಿಸಿ. 600 ಸಿಎಫ್‌ಎಂ ಅಂದರೆ ನಿಮ್ಮ ಫರ್ನೇಸ್ ರೂಮಿನಷ್ಟು ಗಾಳಿ ಒಂದೇ ನಿಮಿಷದಲ್ಲಿ ಮನೆಯಿಂದ ಆಚೆ. ಕಿಟಕಿ ಎಲ್ಲ ಮುಚ್ಚಿದ ಜನವರಿಯಲ್ಲಿ ಅಷ್ಟು ಗಾಳಿ ಎಲ್ಲಿಂದ ವಾಪಸ್ ಬರಬೇಕು? ದಾರಿ ಸಿಕ್ಕಲ್ಲಿಂದ ಬರುತ್ತೆ. ವೆಂಟ್ ಪೈಪ್ ಒಳ್ಳೇ ದಾರಿ. ಡ್ರೈಯರ್ ಅದಕ್ಕೆ ಇನ್ನಷ್ಟು ಸೇರಿಸುತ್ತೆ. ಎಲ್ಲರ ಸ್ನಾನ ಅಂದರೆ ವಾಟರ್ ಹೀಟರ್ ಬಿಡದೆ ಉರಿಯುತ್ತಿರುತ್ತೆ.

ಬಾಗಿಲು ತೆರೆದ ಕೂಡಲೇ ಕೋಣೆಗೆ ಇಡೀ ಬೇಸ್‌ಮೆಂಟಿನ ಗಾಳಿ ಸಿಗುತ್ತೆ. ತೊಂದರೆ ಅಲ್ಲಿಗೆ ಮಾಯ. ನಿಮ್ಮ ಟೆಕ್ನಿಷಿಯನ್‌ಗೆ ಏನೂ ಸಿಗದಿದ್ದದ್ದು ಇದಕ್ಕೇ. ನಾನು ಈ ಕೆಲಸದಲ್ಲಿದ್ದ ಹನ್ನೆರಡು ವರ್ಷದಲ್ಲಿ ಇಂಥದ್ದನ್ನು ಹಲವು ಸಲ ನೋಡಿದ್ದೇನೆ.

ಒಂದು ಕೆಲಸ ಮಾಡಿ. ವಾಟರ್ ಹೀಟರಿನ ಮೇಲ್ಭಾಗ ನೋಡಿ. ನೀರಿನ ಪೈಪ್ ಒಳಗೆ ಹೋಗುವಲ್ಲಿ ಕೆಂಪು, ನೀಲಿ ಪ್ಲಾಸ್ಟಿಕ್ ಬಳೆ ಇರುತ್ತೆ. ಅದು ಹೇಗಿದೆ ಹೇಳಿ.

ಮಿಶಿಗನ್ ಮನೆ:

ಕೆಂಪು ಬಳೆ ಮೇಣದ ಹಾಗೆ ಕರಗಿ ಒಂದು ಕಡೆ ವಾಲಿದೆ. ಟೋಪಿಯ ಸುತ್ತ ತುಕ್ಕು. ಫಿಲ್ಟರ್ ಸೀಳಿಗೆ ಮುಚ್ಚಳವೇ ಇಲ್ಲ. ಕಾಗದ ಹಿಡಿದರೆ ಸರ್ ಅಂತ ಒಳಗೆ ಎಳೆದುಕೊಳ್ಳುತ್ತೆ. ಇಷ್ಟು ದಿನ ಇದರ ಮೇಲೆ ಮಲಗಿದ್ದೆವಲ್ಲ ಅಂತ ಕೈ ನಡುಗಿತು.

ಒಹಾಯೋ ಹಳೇ ಕೈ:

ಬಿಸಿ ಹೊಗೆ ಟೋಪಿಯಿಂದ ಹೊರಗೆ ಬಂದು ಬಳೆಯನ್ನು ಕರಗಿಸಿದೆ. ಬೇರೆ ಸಾಕ್ಷಿ ಬೇಡ. ಸೀಳಿಗೆ ಇವತ್ತೇ ಲೋಹದ ಟೇಪ್ ಹಾಕಿ. ಸರಿಯಾದ ಮುಚ್ಚಳ ಆಮೇಲೆ ತರಿಸಿ.

ಕ್ಯಾಲ್ಗರಿ ಕನ್ನಡಿಗ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಹಳೆಯದನ್ನು ತೆಗೆದು 95 ಪರ್ಸೆಂಟ್ ದಕ್ಷತೆಯ ಫರ್ನೇಸ್ ಹಾಕಿಸಿದರೆ ಮುಗೀತಲ್ವಾ? ನಮ್ಮದು ಹಾಗೇ ಇದೆ. ಎರಡು ಪಿವಿಸಿ ಪೈಪ್ ಗೋಡೆಯಿಂದ ಹೊರಗೆ. ಒಂದು ಗಾಳಿ ತರುತ್ತೆ, ಇನ್ನೊಂದು ಹೊಗೆ ಬಿಡುತ್ತೆ. ಹೋದ ವರ್ಷ ಹಿಮ ಬಂದು ಗಾಳಿ ಪೈಪ್ ಮುಚ್ಚಿಹೋಯಿತು. ಪ್ರೆಶರ್ ಸ್ವಿಚ್ ಎರರ್ ತೋರಿಸಿ ತಾನೇ ನಿಂತಿತು. ಮನೆ ತಣ್ಣಗಾಯಿತು, ಅಷ್ಟೇ.

ಒಹಾಯೋ ಹಳೇ ಕೈ:

ಫರ್ನೇಸಿನ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಈ ಮನೆಯಲ್ಲಿ ಅದೊಂದನ್ನೇ ಬದಲಾಯಿಸಿದರೆ ವಾಟರ್ ಹೀಟರ್ ಒಂಟಿಯಾಗುತ್ತೆ. ಎರಡು ಒಲೆಗೆ ಅಂತ ಹಾಕಿದ ವೆಂಟಿನಲ್ಲಿ ಒಂದು ಸಣ್ಣ ಒಲೆ. ಪೈಪ್ ಬಿಸಿಯೇ ಆಗಲ್ಲ. ಹೊಗೆಯಲ್ಲಿರುವ ನೀರಾವಿ ಒಳಗೇ ತಣಿದು ನೀರಾಗುತ್ತೆ, ಎಳೆತ ಇನ್ನೂ ಕೆಡುತ್ತೆ. ಹಾಗೆ ಮಾಡೋದಾದರೆ ವಾಟರ್ ಹೀಟರಿಗೆ ಅದರ ಅಳತೆಯ ವೆಂಟ್ ಹಾಕಿಸಬೇಕು, ಇಲ್ಲವೇ ಫ್ಯಾನ್ ಇರುವ ಪವರ್ ವೆಂಟ್ ಹೀಟರ್ ತರಬೇಕು. ಫರ್ನೇಸ್ ಮಾರುವವರು ಇದನ್ನು ಹೇಳದೆ ಬಿಟ್ಟರೆ ನೀವೇ ಕೇಳಿ.

ಮೇಡಂ, ನಿಮಗೆ ಎರಡು ದಾರಿ ಇದೆ. ಒಂದು, ಬೇಸ್‌ಮೆಂಟಿನಿಂದಲೇ ಗಾಳಿ. ಗೋಡೆಯಲ್ಲಿ ಎರಡು ತೆರಪು, ಒಂದು ಮೇಲಿನಿಂದ 12 ಇಂಚಿನೊಳಗೆ, ಇನ್ನೊಂದು ನೆಲದಿಂದ 12 ಇಂಚಿನೊಳಗೆ. ಪ್ರತಿ 1,000 ಬಿಟಿಯುಗೆ ಒಂದು ಚದರ ಇಂಚು, ಅಂದರೆ ಒಂದೊಂದಕ್ಕೂ 120 ಚದರ ಇಂಚು ಖಾಲಿ ಜಾಗ. ಲೋಹದ ಜಾಲರಿ ಹಲಗೆಯಲ್ಲಿ ಮುಕ್ಕಾಲು ಭಾಗ ಮಾತ್ರ ಖಾಲಿ ಅಂತ ಲೆಕ್ಕ, ಹಾಗಾಗಿ 160 ಚದರ ಇಂಚಿನದ್ದು ಬೇಕು. ಮರದ್ದಾದರೆ ಕಾಲು ಭಾಗ ಮಾತ್ರ, 480 ಆಗುತ್ತೆ. ಇದರಲ್ಲಿ ಎರಡು ತೊಂದರೆ. ಸದ್ದು ಸಿನಿಮಾ ಕೋಣೆಗೆ ಬರುತ್ತೆ. ಹುಡ್ ಓಡಿದಾಗ ಬೇಸ್‌ಮೆಂಟಿನ ಒತ್ತಡವೂ ಇಳಿಯುತ್ತೆ, ತೆರಪು ಇದ್ದರೂ ಹೊಗೆ ವಾಪಸ್ ಬರಬಹುದು.

ಎರಡು, ಹೊರಗಿನಿಂದ ನೇರ ಗಾಳಿ. ಒಂದೇ ತೆರಪು, ಕೋಣೆಯ ಮೇಲ್ಭಾಗದಲ್ಲಿ. ಪ್ರತಿ 3,000 ಬಿಟಿಯುಗೆ ಒಂದು ಚದರ ಇಂಚು ಸಾಕು. ನಿಮಗೆ 40. 7 ಇಂಚಿನ ದುಂಡು ಡಕ್ಟ್ 38 ಚಿಲ್ಲರೆ ಕೊಡುತ್ತೆ, ಸಾಲದು. 8 ಇಂಚಿನದು 50 ಕೊಡುತ್ತೆ. ನಾನಾಗಿದ್ದರೆ ಇದನ್ನೇ ಮಾಡುತ್ತಿದ್ದೆ. ಈ ದಾರಿಯಲ್ಲಿ ನಿಮ್ಮ ರಬ್ಬರ್ ಪಟ್ಟಿಯ ಬಾಗಿಲು ಕೆಲಸಕ್ಕೆ ಬರುತ್ತೆ. ಕೋಣೆಗೆ ತನ್ನದೇ ಗಾಳಿ, ಮನೆಯ ಒತ್ತಡಕ್ಕೂ ಅದಕ್ಕೂ ಹೆಚ್ಚು ಸಂಬಂಧ ಇರಲ್ಲ. ಆದರೆ ರಿಟರ್ನ್ ಡಕ್ಟಿನ ಜೋಡಣೆಗಳೆಲ್ಲ ಮೊದಲು ಮುಚ್ಚಿರಬೇಕು. ತಣ್ಣನೆ ಗಾಳಿ ಬರುತ್ತೆ, ಡಕ್ಟಿಗೆ ಇನ್ಸುಲೇಷನ್ ಸುತ್ತಿಸಿ. ನೀರಿನ ಪೈಪ್ ಅದರ ಬಾಯಿಯ ಎದುರು ಇದ್ದರೆ ಹೆಪ್ಪುಗಟ್ಟುತ್ತೆ, ಗಮನ ಇರಲಿ.

ಹುಡ್ಡಿಗೂ ಬೇರೆ ವ್ಯವಸ್ಥೆ ಬೇಕು. 400 ಸಿಎಫ್‌ಎಂ ದಾಟಿದರೆ ಇಂಥ ಮನೆಯಲ್ಲಿ ಅದಕ್ಕೆ ಪ್ರತ್ಯೇಕ ಗಾಳಿ ಕೊಡಬೇಕು ಅಂತ ಕೋಡ್ ಇದೆ. ಹುಡ್ ಹಚ್ಚಿದಾಗ ತಾನೇ ತೆರೆದು ಹೊರಗಿನ ಗಾಳಿ ಒಳಬಿಡುವ ಡ್ಯಾಂಪರ್ ಹಾಕಿಸಿ. ಪರ್ಮಿಟ್ ತೆಗೆದೇ ಮಾಡಿಸಿ. ಇನ್ಸ್‌ಪೆಕ್ಟರ್ ಒಂದು ಸಲ ನೋಡಲಿ.

ಮೈಸೂರು:

ಓದಿ ಎದೆ ಧಸಕ್ ಅಂತು. ನಮ್ಮ ಅಪ್ಪ ಅಮ್ಮ ಇರುವ ಮನೆಯಲ್ಲಿ ಬಚ್ಚಲಲ್ಲೇ ಗ್ಯಾಸ್ ಗೀಸರ್ ಇದೆ. ಚಳಿಗೆ ಮತ್ತೆ ಸೊಳ್ಳೆಗೆ ಅಂತ ವೆಂಟಿಲೇಟರಿಗೆ ರಟ್ಟು ಹಚ್ಚಿದ್ದಾರೆ. ಎಕ್ಸಾಸ್ಟ್ ಫ್ಯಾನ್ ಇದೆ, ಸಾಕಾಗುತ್ತಾ?

ಒಹಾಯೋ ಹಳೇ ಕೈ:

ಸಾಕಾಗಲ್ಲ. ಇವತ್ತೇ ಅವರಿಗೆ ಫೋನ್ ಮಾಡಿ. ಗೀಸರನ್ನು ಬಚ್ಚಲಿಂದ ಹೊರಗೆ, ತೆರೆದ ಬಾಲ್ಕನಿಗೋ ಹಿತ್ತಲ ಗೋಡೆಗೋ ಹಾಕಿಸಿ, ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ. ಸಿಲಿಂಡರ್ ಗ್ಯಾಸಿಗೆ ಅಷ್ಟೇ ಗಾತ್ರದ ನ್ಯಾಚುರಲ್ ಗ್ಯಾಸಿಗಿಂತ ಗಾಳಿ ಇನ್ನೂ ಜಾಸ್ತಿ ಬೇಕು. ಒಂದು ಪಾಲು ಪ್ರೊಪೇನಿಗೆ ಸುಮಾರು 24 ಪಾಲು, ಬ್ಯೂಟೇನಿಗೆ ಸುಮಾರು 31 ಪಾಲು. ಅಷ್ಟು ಸಣ್ಣ ಬಚ್ಚಲಲ್ಲಿ ಚಿಲಕ ಹಾಕಿಕೊಂಡ ಮನುಷ್ಯ ಕೂಗುವಷ್ಟರಲ್ಲಿ ಎಚ್ಚರ ತಪ್ಪಿರುತ್ತೆ. ಗೀಸರ್ ಜಾಗ ಬದಲಾಗುವ ತನಕ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಲಿ.

ಮಿಶಿಗನ್ ಮನೆ:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಫಿಲ್ಟರ್ ಮುಚ್ಚಳ ಬಂತು. ರಿಟರ್ನ್ ಡಕ್ಟಿನ ಜೋಡಣೆಗಳಿಗೆಲ್ಲ ಮಾಸ್ಟಿಕ್ (ಸಂದು ಮುಚ್ಚುವ ಅಂಟು) ಹಚ್ಚಿದರು. 8 ಇಂಚಿನ ಡಕ್ಟ್ ಹಾಕಿಸಿದೆವು. ಈಗ ಫರ್ನೇಸ್ ಓಡುವಾಗಲೂ ಬಾಗಿಲು ಒಂದು ಬೆರಳಿಗೆ ತೆರೆಯುತ್ತೆ.

ನಿನ್ನೆ ಇನ್ಸ್‌ಪೆಕ್ಟರ್ ಬಂದರು. ನಾನೇ ಕೇಳಿಕೊಂಡೆ, ಭಾನುವಾರದ ಹಾಗೆ ಎಲ್ಲ ಹಚ್ಚಿ ನೋಡಿ ಅಂತ. ಕಿಟಕಿ, ಬಾಗಿಲು ಮುಚ್ಚಿದೆವು. ಹುಡ್, ಡ್ರೈಯರ್, ಬಚ್ಚಲ ಫ್ಯಾನ್‌ಗಳು, ಬ್ಲೋವರ್ ಎಲ್ಲ ಓಡಿಸಿದೆವು. ಬಿಸಿನೀರಿನ ನಲ್ಲಿ ಬಿಟ್ಟು ವಾಟರ್ ಹೀಟರ್ ಉರಿಯುವ ಹಾಗೆ ಮಾಡಿದರು. ಐದು ನಿಮಿಷ ಕಾದು ಟೋಪಿಯ ಸಂದಿಗೆ ಹೊಗೆ ಹಿಡಿಯಬೇಕು ಅಂದರು. ನಾನು ದೇವರ ಮನೆಯಿಂದ ಊದಿನಕಡ್ಡಿ ತಂದುಕೊಟ್ಟೆ. ಹೊಗೆ ಸುತ್ತಲೂ ಒಳಕ್ಕೇ ಹೋಯಿತು, ಒಂದು ಎಳೆಯೂ ಹೊರಗೆ ಬರಲಿಲ್ಲ. ಅವರ ಮೀಟರಿನಲ್ಲಿ ಸಿಒ 0. ಕೆಂಪು ಚೀಟಿ ತೆಗೆದರು.

ಹುಡ್ ಡ್ಯಾಂಪರ್ ಇನ್ನೂ ಬಂದಿಲ್ಲ. ಅದು ಬರುವ ತನಕ ಸಣ್ಣ ಸ್ಪೀಡಿನಲ್ಲಿ ಹಚ್ಚಿ, ಅಡುಗೆಮನೆ ಕಿಟಕಿ ಸ್ವಲ್ಪ ತೆರೆಯುತ್ತಿದ್ದೇನೆ. ಸರಿ ತಾನೇ ಸರ್? ಡಕ್ಟಿನ ಹೊರಬಾಯಿಗೆ ಸೊಳ್ಳೆ ಪರದೆ ಹಾಕಲಾ ಅಂತ ಅತ್ತೆ ಕೇಳುತ್ತಿದ್ದಾರೆ.

ಒಹಾಯೋ ಹಳೇ ಕೈ:

ಓದಿ ತುಂಬಾ ಸಮಾಧಾನ ಆಯಿತು. ಕಿಟಕಿ ತೆರೆಯೋದು ಸರಿ. ಸೊಳ್ಳೆ ಪರದೆ ಬೇಡ ಅಂತ ಅತ್ತೆಯವರಿಗೆ ಹೇಳಿ. ಅದರ ಕಣ್ಣು ಸಣ್ಣದು, ಧೂಳು, ಹತ್ತಿ ನೂಲು ಕೂತು ಒಂದೇ ಚಳಿಗಾಲದಲ್ಲಿ ಕಟ್ಟಿಕೊಳ್ಳುತ್ತೆ. ಕಾಲು ಇಂಚಿನ ಕಣ್ಣಿನ ಜಾಲರಿ ಹಾಕಿ, ಅದಕ್ಕಿಂತ ಸಣ್ಣದು ಬೇಡ. ಹಿಮ ಬಿದ್ದ ಬೆಳಿಗ್ಗೆ ಆ ಬಾಯಿ ತೆರೆದಿದೆಯಾ ಅಂತ ಯಾರಾದರೂ ಒಮ್ಮೆ ನೋಡಿ ಬನ್ನಿ. ಮಲಗುವ ಕೋಣೆಗಳ ಹತ್ತಿರ ಇನ್ನೊಂದು ಸಿಒ ಅಲಾರಂ ಹಾಕಿ, ಪೀಕ್ ಬಟನ್ ವಾರಕ್ಕೊಮ್ಮೆ ಒತ್ತಿ ನೋಡಿ.