ಅಜ್ಜಿ ಕಾಲದ ಹಿಂದಿ ಹಾಡು ಈಗಿನ ಮಕ್ಕಳ ಫೋನಲ್ಲಿ ಓಡ್ತಿರೋದು ಹೇಗೆ?

ನಡುವಿನ_ತಲೆಮಾರು:
ನಮ್ಮನೇಲಿ ಪಿಯುಸಿ ಓದೋ ಮಗಳು ಇಡೀ ದಿನ ‘ಲಗ್ ಜಾ ಗಲೇ’ ಕೇಳ್ತಾಳೆ, ಅದೂ ಯಾರೋ ಹುಡುಗ ಗಿಟಾರ್ ಹಿಡ್ಕೊಂಡು ಹಾಡಿರೋದು. ಹಾಡು 1964ರದ್ದು, ‘ವೋ ಕೌನ್ ಥಿ’ ಸಿನಿಮಾದ್ದು, ಲತಾ ಹಾಡಿದ್ದು ಅಂದ್ರೆ “ಓ ಹೌದಾ” ಅಂತಾಳೆ ಅಷ್ಟೇ, ಸಂಗೀತ ಕೊಟ್ಟ ಮದನ್ ಮೋಹನ್ ಹೆಸರು ಕೇಳೇ ಇಲ್ಲ. ಅಡುಗೆಮನೆಯಿಂದ ನಮ್ಮತ್ತೆ ಸಾಲಿಗೆ ಸಾಲು ಸೇರಿಸ್ತಾರೆ. ನಾನು ತೊಂಬತ್ತರ ದಶಕದ ಕುಮಾರ್ ಸಾನು ಕಾಲದವಳು, ಮಧ್ಯೆ ಸಿಕ್ಕಾಕೊಂಡಿದೀನಿ. ಅದೇ ಮಗಳಿಗೆ ಹೋದ ವರ್ಷ ತಲೆ ಚಿಟ್ಟು ಹಿಡಿಯೋಷ್ಟು ಹಾಕಿದ್ದ ಹಾಡು ಈಗ ನೆನಪೇ ಇಲ್ಲ. ಯಾಕೆ ಹೀಗೆ? “ಆಗಿನ ಸಂಗೀತ ಅಂದ್ರೆ ಸಂಗೀತ” ಅನ್ನೋ ಉತ್ತರ ಬೇಡ ದಯವಿಟ್ಟು, ಅದು ಫ್ಯಾಮಿಲಿ ಗ್ರೂಪಲ್ಲಿ ದಿನಾ ಬರತ್ತೆ.

ಧಾರವಾಡದಾಂವ:
ಹಾಡು ಛಲೋ ಇದ್ರಷ್ಟ ಸಾಲೂದಿಲ್ರೀ ಅಕ್ಕಾರ, ಮನಿ ಮುಟ್ಟಬೇಕಲ್ಲ. 1952ರಾಗ ಕೇಸ್ಕರ್ ಕೇಂದ್ರದ ವಾರ್ತಾ-ಪ್ರಸಾರ ಮಂತ್ರಿ ಆದ ಮ್ಯಾಲೆ ಆಕಾಶವಾಣಿಯೊಳಗ ಸಿನಿಮಾ ಹಾಡಿಗೆ ಕತ್ತರಿ ಬಿತ್ತು, ಶಾಸ್ತ್ರೀಯ ಸಂಗೀತ ಕೇಳಿ ಉದ್ಧಾರ ಆಗ್ರಿ ಅಂದಂಗ. ಮಂದಿ ಸುಮ್ನ ಶ್ರೀಲಂಕಾದ ರೇಡಿಯೋ ಸಿಲೋನ್ ಕಡೆ ಮುಳ್ಳು ತಿರುವಿದ್ರು. ಅದ ವರ್ಷ ಅದರಾಗ ಹಿಟ್ ಸಿನಿಮಾ ಹಾಡಿಗೆ ನಂಬರ್ ಕೊಡೋ ಬಿನಾಕಾ ಗೀತಮಾಲಾ ಶುರು ಆತು, ಬುಧವಾರ ರಾತ್ರಿ. ಅದನ್ನ ನಡಸ್ತಿದ್ದ ಅಮೀನ್ ಸಯಾನಿ “ಬೆಹನೋ ಔರ್ ಭಾಯಿಯೋ” ಅಂದ ಕೂಡ್ಲೆ ನಮ್ಮಪ್ಪ ಕೈಯಾಗಿನ ತುತ್ತು ಕೈಯಾಗ ಹಿಡಕೊಂಡು ಕುಂದ್ರತಿದ್ದ. ಶಾರ್ಟ್ ವೇವ್ ನೋಡ್ರಿ, ಸ್ವರ ಒಮ್ಮೆ ಏರೂದು ಒಮ್ಮೆ ಇಳಿಯೂದು, ಅರ್ಧ ಸಾಲು ಗಾಳ್ಯಾಗ ಹೋತಂದ್ರ ಉಳಿದದ್ದು ನಾವ ಹಾಡಿ ಮುಗಸ್ತಿದ್ವಿ. ಹಿಂದಿ ಬರದವ್ರಿಗೂ ಹಾಡು ಬಾಯಿಪಾಠ. ಕಡೀಕ 1957ರಾಗ ಆಕಾಶವಾಣಿನೇ ವಿವಿಧ ಭಾರತಿ ತೆಗದು ಅದ ಹಾಡು ಹಾಕಬೇಕಾತು 😀

ಕ್ಯಾಸೆಟ್_ಪೆಟ್ಟಿಗೆ:
ಕವರ್ ಸಾಂಗ್ ಏನೂ ಇನ್‌ಸ್ಟಾಗ್ರಾಮ್ ಕಂಡುಹಿಡಿದಿದ್ದಲ್ಲ. ಹಳೇ ಹಾಡುಗಳ ಹಕ್ಕು ಬಹುಪಾಲು ಎಚ್‌ಎಂವಿ ರೆಕಾರ್ಡ್ ಕಂಪನಿ ಹತ್ರ ಇತ್ತು, ಕ್ಯಾಸೆಟ್ ರೇಟು ಜಾಸ್ತಿ, ಆಗ ಟಿ-ಸೀರೀಸ್‌ನ ಗುಲ್ಶನ್ ಕುಮಾರ್ ಕಾಪಿರೈಟ್ ಕಾನೂನಿನ ಸಂದೀಲಿ ನುಗ್ಗಿ ಅದೇ ಹಾಡುಗಳನ್ನ ಬೇರೆಯವರ ಹತ್ರ ಹಾಡಿಸಿ ಅಗ್ಗಕ್ಕೆ ಬಿಟ್ಟಿದ್ದು, ಪಾನ್ ಅಂಗಡೀಲೂ ಸಿಗೋದು. ಸೋನು ನಿಗಮ್ ಮೊದಲು ಜನಕ್ಕೆ ಪರಿಚಯ ಆಗಿದ್ದೇ ‘ರಫಿ ಕಿ ಯಾದೇಂ’ ಕ್ಯಾಸೆಟ್‌ಗಳಿಂದ. ನಮ್ಮ ಬ್ಯಾಚಿನ ಎಷ್ಟೋ ಜನ ರಫಿ ಹಾಡನ್ನ ಫಸ್ಟ್ ಕೇಳಿದ್ದು ಸೋನು ಗಂಟಲಲ್ಲಿ, ಆಗ ದೊಡ್ಡೋರು “ಇದೂ ಒಂದು ಹಾಡಾ” ಅಂತ ಮೂಗು ಮುರೀತಿದ್ರು, ಈಗ ನಾವು ಆ ಗಿಟಾರ್ ಹುಡುಗನಿಗೆ ಮುರೀತಿದೀವಿ. ಆಮೇಲೆ 2017ರಲ್ಲಿ ಎಚ್‌ಎಂವಿಯೇ, ಅಂದ್ರೆ ಈಗಿನ ಸರೆಗಮ, ಅದೇ ಸರಕನ್ನ ಕಾರವಾನ್ ಅಂತ 5000 ಹಾಡು ತುಂಬಿ ರೇಡಿಯೋ ಥರ ಮಾಡಿ ಮಾರ್ತು. ಅಪ್ಪ ಅಮ್ಮಂಗೆ ಗಿಫ್ಟ್ ಕೊಟ್ಟೋರು ಇಲ್ಲಿ ಎಷ್ಟು ಜನ ಇದೀರ ಕೈ ಎತ್ತಿ.

ಬೇಸೂರು:
ಎಲ್ಲಾ ಸರಿ, ಆದ್ರೆ ಉಳಿದಿರೋದನ್ನ ಮಾತ್ರ ಲೆಕ್ಕ ಹಾಕ್ತಿದೀರಿ. 1964ರಲ್ಲಿ ಗೀತಮಾಲಾ ವರ್ಷದ ನಂಬರ್ ಒನ್ ‘ಸಂಗಮ್’ದು, ‘ಮೇರೆ ಮನ್ ಕೀ ಗಂಗಾ’. ನಿಮ್ಮ ಮಗಳನ್ನ ಅದರ ಬಗ್ಗೆ ಕೇಳಿ ನೋಡಿ. ಆಗ ಗೆದ್ದಿದ್ದೇ ಈಗ್ಲೂ ಗೆಲ್ಲತ್ತೆ ಅಂತೇನಿಲ್ಲ. ‘ಲಗ್ ಜಾ ಗಲೇ’ಯಲ್ಲಿ ಆರ್ಕೆಸ್ಟ್ರಾ ಪೂರ್ತಿ ತೆಗೆದುಹಾಕಿ, ಬರೀ ಗುನುಗಿದ್ರೂ ಹಾಡು ನಿಲ್ಲತ್ತೆ, ಬೆಡ್‌ರೂಮಲ್ಲಿ ಕೂತು ಒಂದು ಗಿಟಾರಲ್ಲಿ ಹಾಡೋ ಈ ಕಾಲಕ್ಕೆ ಅದು ಸರಿಹೋಯ್ತು. ಬೀಟ್ ಮೇಲೆ ನಿಂತಿರೋ ಹಾಡಿಂದ ಬೀಟ್ ತೆಗೆದ್ರೆ ಏನೂ ಮಿಗಲ್ಲ. ಜೊತೆಗೆ ಅದೃಷ್ಟಾನೂ ಬೇಕು: 1954ರ ‘ನಾಗಿನ್’ ಹಾಡು ‘ಮೇರಾ ದಿಲ್ ಯೇ ಪುಕಾರೆ’ 2022ರಲ್ಲಿ ಪಾಕಿಸ್ತಾನದ ಒಂದು ಮದುವೇಲಿ ಒಬ್ಳು ಹುಡುಗಿ ಕುಣಿದ್ಲು ಅಂತ ಎಲ್ಲರ ರೀಲ್ಸ್‌ಗೆ ಬಂತು, ಅದೂ ರೀಮಿಕ್ಸ್. ಅದಕ್ಕೆ ಸಂಗೀತ ಕೊಟ್ಟ ಹೇಮಂತ್ ಕುಮಾರ್ ಇದನ್ನ ಕನಸಲ್ಲೂ ನೆನೆಸಿರಲ್ಲ. ಇನ್ನು ಈಗಿನದ್ದು ಉಳಿಯಲ್ಲ ಅನ್ನೋರಿಗೆ, 2013ರ ‘ತುಮ್ ಹೀ ಹೋ’ ಆಗ್ಲೇ ಆರ್ಕೆಸ್ಟ್ರಾದವರ ಕಾಯಂ ಐಟಂ ಆಗೋಗಿದೆ.

ಹೂವಿನಹಡಗು:
ಬರೀ ಹಿಂದಿ ಹಿಂದಿ ಅಂತೀರಲ್ಲ, ನಮ್ಮ ರಾಜನ್-ನಾಗೇಂದ್ರ ಹಾಡು ಯಾಕೆ ಹೀಗೆ ಓಡಲ್ಲ?

ಕ್ಯಾಸೆಟ್_ಪೆಟ್ಟಿಗೆ:
ಕನ್ನಡ ಹಾಡೂ ಓಡ್ತಾವೆ ಮಾರಾಯ್ರೇ, ರಾಜನ್-ನಾಗೇಂದ್ರ ಅಂತಷ್ಟೇ ಅಲ್ಲ, ನೀವು ಹುಡುಕಬೇಕು ಅಷ್ಟೇ. ‘ನೀನೆಲ್ಲಿ ನಡೆವೆ ದೂರ’ ರಫಿ ಹಾಡಿದ್ದು, ‘ಆಡೂ ಆಟ ಆಡು’ ಕಿಶೋರ್ ಹಾಡಿದ್ದು ಅಂತ ನಮ್ಮ ಆಫೀಸಿನ ಉತ್ತರದ ಹುಡುಗರಿಗೆ ಕೇಳಿಸಿದ್ರೆ ನಂಬಲ್ಲ, ಮತ್ತೆ ಮತ್ತೆ ಹಾಕಿಸ್ಕೋತಾರೆ. ರಫಿದಕ್ಕೆ ಒಳ್ಳೇ ಕವರ್ ಯಾರಾದ್ರೂ ಮಾಡಿದ್ರೆ ಲಿಂಕ್ ಹಾಕಿ, ನಂಗೆ ಸಿಕ್ಕಿಲ್ಲ.