ಗುಡ್ಡ ಜಾರಿದಾಗ ಯಾವ ಮಗು ಮೊದಲು? ತರಬೇತಿ ಮಾಡಿಸಿದವರು ಹೇಳಿ

ಕೇಳಿದವರು, ಕಳಸ ಕಡೆಯಿಂದ:
2019ರ ಆಗಸ್ಟ್‌ನಲ್ಲಿ ನಮ್ಮ ಮೂಡಿಗೆರೆ ಸೀಮೆಯಲ್ಲಿ ಗುಡ್ಡ ಜಾರಿದ್ದು ಇನ್ನೂ ಕಣ್ಣ ಮುಂದಿದೆ. ಈ ಸಲ ಮಳೆಗಾಲಕ್ಕೆ ಮುಂಚೆ ಊರಿನ ಹುಡುಗರಿಗೆ ತರಬೇತಿ ಕೊಡಿಸಬೇಕು. ಒಂದೇ ಸಲ ಹತ್ತಾರು ಮಕ್ಕಳಿಗೆ ಪೆಟ್ಟಾದರೆ ಯಾರನ್ನು ಮೊದಲು ಸಾಗಿಸಬೇಕು ಅನ್ನುವುದನ್ನು ಹೇಗೆ ಕಲಿಸುವುದು?

ನರ್ಸ್, ಸಕಲೇಶಪುರ:
ದೊಡ್ಡವರ ಲೆಕ್ಕವನ್ನು ಮಕ್ಕಳಿಗೆ ಹಾಕಬೇಡಿ. ಮೊದಲ ದಿನ ಇದೊಂದನ್ನೇ ಗಟ್ಟಿ ಮಾಡಿಸಿ. ಯಾರನ್ನು ಮೊದಲು ಸಾಗಿಸಬೇಕು ಅಂತ ಗಾಯಾಳುಗಳಿಗೆ ಬಣ್ಣದ ಪಟ್ಟಿ ಕಟ್ಟಿ ವಿಂಗಡಿಸುತ್ತಾರೆ: ಕೆಂಪು ಮೊದಲು, ಹಳದಿ ಆಮೇಲೆ, ಹಸಿರು ಕೊನೆಗೆ, ಕಪ್ಪು ಅಂದರೆ ಉಳಿಯುವ ಆಸೆ ಇಲ್ಲ. ಹೀಗೆ ವಿಂಗಡಿಸಲು ದೊಡ್ಡವರಿಗೆ ಬಳಸುವ ಸ್ಟಾರ್ಟ್ ಪದ್ಧತಿಯಲ್ಲಿ, ತಲೆ ಸರಿ ಮಾಡಿ ಗಂಟಲ ದಾರಿ ಬಿಡಿಸಿದ ಮೇಲೂ ಉಸಿರು ಬರದಿದ್ದರೆ ಕಪ್ಪು ಪಟ್ಟಿ ಕಟ್ಟಿ ಮುಂದೆ ಹೋಗುತ್ತಾರೆ. ಮಕ್ಕಳಲ್ಲಿ ಸಾಮಾನ್ಯವಾಗಿ ಉಸಿರು ಮೊದಲು ನಿಲ್ಲುತ್ತದೆ, ಎದೆಬಡಿತ ಇನ್ನೂ ಸ್ವಲ್ಪ ಹೊತ್ತು ಇರುತ್ತದೆ. ಆ ಸ್ವಲ್ಪ ಹೊತ್ತಿನಲ್ಲೇ ಮಗುವನ್ನು ಉಳಿಸಬಹುದು. ಅದಕ್ಕೇ ಅಮೆರಿಕದ ಮಕ್ಕಳ ವೈದ್ಯೆ ಲೂ ರೋಮಿಗ್ 1995ರಲ್ಲಿ ಜಂಪ್‌ಸ್ಟಾರ್ಟ್ ಪದ್ಧತಿ ರೂಪಿಸಿದರು. ಅದು 1ರಿಂದ 8 ವರ್ಷದ ಮಕ್ಕಳಿಗೆ. ಉಸಿರಿಲ್ಲ, ನಾಡಿ ಇದೆ ಅಂದರೆ ಐದು ಸಲ ಉಸಿರು ಊದಬೇಕು. ಉಸಿರಾಡಿದರೆ ಕೆಂಪು, ಇಲ್ಲದಿದ್ದರೆ ಕಪ್ಪು. ಉಸಿರು ನಿಮಿಷಕ್ಕೆ 15ಕ್ಕಿಂತ ಕಡಿಮೆ ಅಥವಾ 45ಕ್ಕಿಂತ ಜಾಸ್ತಿ ಇದ್ದರೆ ಕೆಂಪು. ಉಸಿರಾಡುತ್ತಿದ್ದರೂ ನಾಡಿ ಸಿಗದಿದ್ದರೆ ಕೆಂಪು. ಕರೆದರೂ ಚಿವುಟಿದರೂ ಎಚ್ಚರವಾಗದಿದ್ದರೆ ಕೆಂಪು. ಇದ್ಯಾವುದೂ ಇಲ್ಲ, ಆದರೆ ನಡೆಯಲಾಗದು ಅಂದರೆ ಹಳದಿ. ನಡೆದು ಬಂದ ಮಗು ಹಸಿರು.

ಓದಿದರೆ ಸುಲಭ ಅನಿಸುತ್ತದೆ, ಅಲ್ವಾ? ನಾವು ಮಾಡಿಸಿದ ಮೊದಲ ಅಭ್ಯಾಸದಲ್ಲಿ ಹುಡುಗರೆಲ್ಲ ಜೋರಾಗಿ ಅಳುತ್ತಿದ್ದ ಮಗುವಿನ ಹತ್ತಿರವೇ ಓಡಿದರು. ಮೊಣಕಾಲಿಗೆ ಬೀಟ್ರೂಟ್ ರಸ ಬಳಿದಿದ್ದೆವು, ಅಷ್ಟೇ. ಮೂರನೇ ಕ್ಲಾಸಿನ ಒಂದು ಹುಡುಗಿಗೆ ಬೆಂಚಿನ ಕೆಳಗೆ ಸುಮ್ನೆ ಮಲಗಿರು ಅಂದಿದ್ದೆ. ಕೊರಳಲ್ಲಿ ‘ಉಸಿರು 50’ ಅಂತ ಚೀಟಿ. ಮೂವರು ಅವಳನ್ನು ದಾಟಿಯೇ ಹೋದರು. ಕೊನೆಗೆ ಅವಳೇ ತಲೆ ಎತ್ತಿ, ‘ಅಕ್ಕಾ, ನನ್ನನ್ನ ಯಾರೂ ನೋಡ್ಲಿಲ್ಲ’ ಅಂದಳು. ಈಗಲೂ ನಾನು ಪ್ರತಿ ತಂಡಕ್ಕೂ ಅವಳ ಮಾತಿನಿಂದಲೇ ಪಾಠ ಶುರುಮಾಡುತ್ತೇನೆ. ಅಳುವ ಮಗುವಿಗೆ ಉಸಿರಿದೆ. ಸದ್ದಿಲ್ಲದ ಮಗುವನ್ನು ಹುಡುಕಿ.

ಉಸಿರು ಎಣಿಸುವುದನ್ನು ಗಡಿಯಾರ ಹಿಡಿದು ಕಲಿಸಿ. ಜರ್ಕಿನ್ ಎತ್ತಿ ಹೊಟ್ಟೆ ನೋಡಬೇಕು, ಅರ್ಧ ನಿಮಿಷ ಎಣಿಸಿ ಎರಡರಷ್ಟು ಮಾಡಬೇಕು. ನಮ್ಮ ಮಳೆಯಲ್ಲಿ ಮಗುವಿನ ಕೈಯೂ ತಣ್ಣಗೆ, ನಮ್ಮ ಬೆರಳೂ ಮರಗಟ್ಟಿರುತ್ತವೆ. ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ ತೋಳಿನ ಒಳಗಡೆ, ಮೊಣಕೈ ಮೇಲೆ ಹಿಡಿದು ನೋಡುವುದನ್ನು ರೂಢಿ ಮಾಡಿಸಿ. ಬಣ್ಣದ ಗುರುತಿಗೆ ಕಾಗದದ ಚೀಟಿ ಬೇಡ, ನೆನೆದು ಹರಿಯುತ್ತದೆ. ಬಣ್ಣದ ಬಟ್ಟೆಯ ಪಟ್ಟಿ ಕಟ್ಟಿ.

ಒಂದು ಮಾತು. ಕಪ್ಪು ಪಟ್ಟಿಯ ಪಾತ್ರವನ್ನು ಯಾವ ಮಗುವಿಗೂ ಕೊಡಬೇಡಿ. ಗೊಂಬೆ ಇಡಿ. ಆ ಗೊಂಬೆಯ ಹತ್ತಿರವೂ ಒಬ್ಬ ಹುಡುಗ ಕೂತೇಬಿಟ್ಟ, ಏಳಲಿಲ್ಲ. ಅವನನ್ನು ಬೈಯಬಾರದು. ಸಂಜೆ ಚಹಾ ಕೊಟ್ಟು ಮಾತಾಡಿಸಿದೆವು.

ಮೇಷ್ಟ್ರು, ಮೂಡಿಗೆರೆ:
ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ತೋಟದ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದವರ ಮಕ್ಕಳಿದ್ದಾರೆ, ತಮಿಳು ಮಾತಾಡುವವರಿದ್ದಾರೆ. ‘ಕೈ ಎತ್ತು’ ಅಂದಾಗ ಎತ್ತಲಿಲ್ಲ ಅಂದ ಮಾತ್ರಕ್ಕೆ ಎಚ್ಚರ ತಪ್ಪಿದೆ ಅಂದುಕೊಳ್ಳಬಾರದು. ದನಿ ಬಂದ ಕಡೆ ಕಣ್ಣು ತಿರುಗಿಸಿತಾ, ಅಷ್ಟು ನೋಡಿ.

ಆಶಾ ಕಾರ್ಯಕರ್ತೆ, ಹಾಸನ ಜಿಲ್ಲೆ:
ಕೈಗೂಸುಗಳು ನಡೆಯುವುದಿಲ್ಲ. ಹೊತ್ತು ತಂದವರು ಹಸಿರಿನ ಸಾಲಿನಲ್ಲಿ ನಿಂತರೆ ಕೂಸನ್ನೂ ಹಸಿರು ಅಂದುಬಿಡುತ್ತಾರೆ. ಆ ಸಾಲಿನಲ್ಲಿ ಮೊದಲು ಕೂಸುಗಳ ಹೊದಿಕೆಯನ್ನೇ ಬಿಡಿಸಿ ನೋಡಿ. ಅಕ್ಕ ತಮ್ಮಂದಿರನ್ನು ಬೇರೆ ಬೇರೆ ಗಾಡಿಗೆ ಹತ್ತಿಸಬೇಡಿ, ಗಾಯದ ಸ್ಥಿತಿ ನೋಡಿ ಸಾಧ್ಯವಾದ ಮಟ್ಟಿಗಾದರೂ. ಪಟ್ಟಿಯ ಮೇಲೆ ಮಾರ್ಕರ್‌ನಲ್ಲಿ, ಮಗು ಸಿಕ್ಕಿದ ಜಾಗ ಬರೆಯಿರಿ. ಹೆಸರು ಹೇಳಲು ಬಾರದ ಮಗುವನ್ನು ಅದರ ಅಮ್ಮ ಆಮೇಲೆ ಆ ಜಾಗದ ಹೆಸರಿನಿಂದಲೇ ಹುಡುಕುತ್ತಾಳೆ.