ಅರ್ಧ ತಿಂಗಳಿಗೇ ಡೇಟಾ ಖಾಲಿ ಅಂತಾರೆ, ಲೆಕ್ಕ ಯಾರನ್ನು ಕೇಳಬೇಕು?

ಎಲ್ಲರಿಗೂ ನಮಸ್ಕಾರ. ನಾವಿರುವುದು ಗಂಗಾವತಿಯಲ್ಲಿ. ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಿದ್ದೇವೆ. ಹೆಸರಿಗೆ ಅನ್‌ಲಿಮಿಟೆಡ್. 300 ಜಿಬಿ ದಾಟಿದರೆ ವೇಗ 2 ಎಂಬಿಪಿಎಸ್‌ಗೆ ಇಳಿಯುತ್ತದೆ. ಅದು ಗೊತ್ತಿದ್ದೇ ತೆಗೆದುಕೊಂಡಿದ್ದು, ಅದಕ್ಕೆ ತಕರಾರಿಲ್ಲ.

ತಕರಾರು ಲೆಕ್ಕದ್ದು. ಅರ್ಧ ತಿಂಗಳಿಗೇ ಕಂಪನಿಯ ಆ್ಯಪ್ 300 ಜಿಬಿ ಮುಗಿಯಿತು ಅನ್ನುತ್ತದೆ. ನಮ್ಮ ರೂಟರ್‌ನಲ್ಲಿ ಅಪ್‌ಲೋಡ್, ಡೌನ್‌ಲೋಡ್ ಎರಡೂ ಕೂಡಿಸಿದರೂ ಅದರ ಅರ್ಧ ಆಗಿರಲ್ಲ. ಆಮೇಲೆ ಮಗಳ ಆನ್‌ಲೈನ್ ಕ್ಲಾಸ್ ಶುರುವಾದರೆ ಉಳಿದವರು ಫೋನ್ ಕೆಳಗಿಟ್ಟು ಸುಮ್ನೆ ಕೂರಬೇಕು.

ವೈಫೈ ಪಾಸ್‌ವರ್ಡ್ ಬದಲಿಸಿದೆ. ರೂಟರ್ ಪಟ್ಟಿಯಲ್ಲಿ ಬೇರೆ ಯಾರ ಫೋನೂ ಇಲ್ಲ. ಕೇಬಲ್ ಹುಡುಗ "ಸಿಸಿ ಕ್ಯಾಮೆರಾ ಎಳೀತಿರಬೇಕು ಸರ್" ಅಂದ. ಅದನ್ನೂ ಬಂದ್ ಮಾಡಿ ನೋಡಿದೆ, ವ್ಯತ್ಯಾಸವಿಲ್ಲ. ಕಸ್ಟಮರ್ ಕೇರ್‌ನವರು ಕೇಬಲ್‌ನವರನ್ನು ಕೇಳಿ ಅಂತಾರೆ, ಇವರು ಲೆಕ್ಕ ಎಲ್ಲಾ ಸರ್ವರ್‌ನಲ್ಲಿದೆ, ನಮ್ಮ ಕೈಲಿಲ್ಲ ಅಂತಾರೆ. ದೂರು ಕೊಟ್ಟರೆ 'ಪರಿಹರಿಸಲಾಗಿದೆ' ಅಂತ ಮೆಸೇಜ್ ಬರುತ್ತದೆ. ಯಾರು ಬಂದರು, ಏನು ಪರಿಹರಿಸಿದರು, ಆ ದೇವರಿಗೇ ಗೊತ್ತು!

ಟ್ರಾಯ್ (ಫೋನ್, ಇಂಟರ್ನೆಟ್ ಕಂಪನಿಗಳ ಮೇಲಿನ ಸರ್ಕಾರಿ ನಿಯಂತ್ರಣ ಪ್ರಾಧಿಕಾರ) ಒಬ್ಬೊಬ್ಬ ಗ್ರಾಹಕರ ದೂರನ್ನು ನೇರವಾಗಿ ವಿಚಾರಿಸುವುದಿಲ್ಲ. ದೂರು ಕೇಂದ್ರದಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಹೋಗಬೇಕು. ನನ್ನ ಹತ್ತಿರ ದೂರಿನ ನಂಬರ್ ಇದೆ. ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ಮೇಲ್ಮನವಿಗೆ ರೂಟರ್ ಲೆಕ್ಕದ ಫೋಟೋ ಸಾಕಾ, ಅಥವಾ ಮೊದಲು ಕಂಪನಿಯಿಂದ ದಿನದ ಬಳಕೆಯ ವಿವರ ಬರವಣಿಗೆಯಲ್ಲಿ ಕೇಳಬೇಕಾ? ಕೊಪ್ಪಳ, ಬಳ್ಳಾರಿ ಕಡೆ ಯಾರಾದರೂ ಹಾಗೆ ವಿವರ ತರಿಸಿಕೊಂಡಿದ್ದೀರಾ?